ತಿಂಗಳ ಕೊನೆಗೆ ನೂರು ದಿಂಬು

"ಇವತ್ತಿನಿಂದ ನಮ್ಮ ಅಂಗಡಿಗೆ ಒಂದು ಗುರಿ ಇದೆ!"

ಹೀಗೆಂದು ಸಾರುವಾಗ ದಿಂಬಣ್ಣನ ಒಂದು ಕಾಲು ಹೊಸ್ತಿಲ ಒಳಗಿತ್ತು, ಇನ್ನೊಂದು ಇನ್ನೂ ಬೀದಿಯಲ್ಲೇ ಇತ್ತು. ಚಪ್ಪಲಿ ಕಳಚುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ. ಕೈಯಲ್ಲಿ ತರಬೇತಿಯವರು ಕೊಟ್ಟ ಪ್ಲಾಸ್ಟಿಕ್ ಫೈಲು, ಕಿಸೆಯಲ್ಲಿ ಅವರೇ ಕೊಟ್ಟ ಪೆನ್ನು, ಮುಖದಲ್ಲಿ ಯಾರೂ ಕೊಡದೆ ತಾನಾಗಿಯೇ ಬಂದ ತೇಜಸ್ಸು!

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಇಷ್ಟು ದಿನ ಏನಿತ್ತು?"

"ಇಷ್ಟು ದಿನ ಬರೀ ವ್ಯಾಪಾರ ಇತ್ತು."

"ಅದು ಸಾಲದಾ?"

ಸಾಲದು ಎಂದು ಅವನಿಗೆ ಆ ದಿನವೇ ಗೊತ್ತಾಗಿತ್ತು. ಸಣ್ಣ ವ್ಯಾಪಾರಿಗಳಿಗಾಗಿ ನಡೆದ ಅರ್ಧ ದಿನದ ತರಬೇತಿಯಲ್ಲಿ ಕೋಟು ತೊಟ್ಟ ಒಬ್ಬರು ಮೈಕು ಹಿಡಿದು ಗುಡುಗಿದ್ದರು: ಗುರಿ ಸ್ಪಷ್ಟವಾಗಿರಬೇಕು, ಎಣಿಸುವಂತಿರಬೇಕು, ಅದಕ್ಕೊಂದು ಕೊನೆಯ ದಿನವಿರಬೇಕು, ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಗುರಿ ಬೆಲೆ ಬಾಳುವಂಥದ್ದಾಗಿರಬೇಕು ಎಂದೂ ಅವರು ಕೊನೆಯಲ್ಲಿ ಹೇಳಿದ್ದರಂತೆ. ಆದರೆ ಅಷ್ಟರಲ್ಲಿ ಊಟದ ಡಬ್ಬಿಗಳು ಬಂದಿದ್ದವು, ದಿಂಬಣ್ಣನ ಕಿವಿಗಳು ಮೂಗಿಗೆ ಜಾಗ ಬಿಟ್ಟುಕೊಟ್ಟಿದ್ದವು.

ದಿಂಬು ಹೊಲಿದು ಮಾರುವ ಮನೆ ಅದು. ಮುಂದಿನ ಕೋಣೆಯೇ ಅಂಗಡಿ, ನಡುವಿನ ಕೋಣೆ ಹತ್ತಿಯ ಗುಡ್ಡ, ಒಳಗಿನ ಕೋಣೆಯಲ್ಲಿ ಸಂಸಾರ. ಹೆಂಡತಿ ಹೊಲಿಯುವವಳು, ಗಂಡ ಮಾರುವವನು. ಬೀದಿಯವರು ಅವನನ್ನು ದಿಂಬಣ್ಣ ಎನ್ನುತ್ತಿದ್ದರು. ಟೀ ಲೋಟದಲ್ಲಿ ಹತ್ತಿ, ಹುಬ್ಬಿನಲ್ಲಿ ಹತ್ತಿ, ಸೀನಿದರೆ ಮನೆಯೊಳಗೆ ಸಣ್ಣದೊಂದು ಮೋಡ!

ಆ ತಿಂಗಳು ಒಳಗಿನ ಕೋಣೆಯಲ್ಲಿ ಸಂಸಾರದ ಜೊತೆಗೆ ಒಂದು ಆಸೆಯೂ ಬೆಳೆಯುತ್ತಿತ್ತು. ಬಸ್ ನಿಲ್ದಾಣದ ಪಕ್ಕದ ಲಾಡ್ಜಿನ ಮ್ಯಾನೇಜರ್ ಕೋಣೆಗಳಿಗೆಲ್ಲ ಹೊಸ ದಿಂಬು ಬೇಕೆಂದು ಹೇಳಿ ಹೋಗಿದ್ದರು. ಒಂದನೇ ತಾರೀಖು ಬೆಳಿಗ್ಗೆ ತಾವೇ ಬಂದು ನೋಡುತ್ತಾರೆ. ಮನಸ್ಸಿಗೆ ಬಂದರೆ ಇನ್ನು ಮುಂದೆ ದಿಂಬು, ಹಾಸಿಗೆ ಎಲ್ಲ ಇಲ್ಲಿಂದಲೇ. ಬಾರದಿದ್ದರೆ ದಿಂಬಣ್ಣ ಮದುವೆಗೆ ಮುಂಚಿನ ಹಾಗೆ ಹೆಗಲ ಮೇಲೆ ದಿಂಬು ಹೇರಿಕೊಂಡು ಕೂಗುತ್ತ ಬೀದಿ ಬೀದಿ ಅಲೆಯಬೇಕು, ಏಕೆಂದರೆ ಅಂಗಡಿಯ ವ್ಯಾಪಾರ ಅಷ್ಟು ಮಂಕಾಗಿತ್ತು. ಹೆಂಡತಿ ಹಗಲೆಲ್ಲ ಹೊಲಿದು ಹೊಲಿದು ಲಾಡ್ಜಿನ ದಿಂಬುಗಳನ್ನು ಒಳಗೆ ಒಟ್ಟುತ್ತಿದ್ದಳು. ಅವಳ ತಾಯಿ ಬೆನ್ನುನೋವಿನ ನೆಪದಲ್ಲಿ ಮೇಲೊಂದು ಬಟ್ಟೆ ಹಾಸಿಕೊಂಡು ಆ ರಾಶಿಯ ಮೇಲೆಯೇ ಪವಡಿಸುತ್ತಿದ್ದರು.

"ಗುರಿ ಏನು ಅಂತ ಕೇಳೇ," ಎಂದ ದಿಂಬಣ್ಣ.

"ಕೇಳದಿದ್ರೆ ಬಿಡ್ತೀರಾ? ಹೇಳಿ."

"ಈ ತಿಂಗಳ ಕೊನೆಗೆ ನೂರು ದಿಂಬು ಮಾರಾಟ!"

"ಲಾಡ್ಜಿಂದೂ ಸೇರಿಸಿದ್ರೆ ಕಾಲು ಭಾಗ ಈಗಲೇ ಆದಂಗಾಯ್ತು."

"ಅದು ಒಂದನೇ ತಾರೀಖು ಹೋಗೋದು ಕಣೇ. ಮುಂದಿನ ತಿಂಗಳ ಲೆಕ್ಕ. ಇದಕ್ಕೆ ಸೇರಲ್ಲ."

"ಹಾಗಾದ್ರೆ ಗುರಿನೇ ಒಂದು ದಿನ ಮುಂದಕ್ಕೆ ಹಾಕಿ."

"ಗುರಿ ಅಂದ್ರೆ ನಿನ್ನ ಮಷಿನ್ ಬೆಲ್ಟ್ ಅಂದ್ಕೊಂಡ್ಯಾ, ಬೇಕಾದ ಹಾಗೆ ಎಳೆಯೋಕೆ?"

ಒಳಗಿನಿಂದ ಅತ್ತೆಯ ದನಿ ಬಂತು. "ಅಳಿಯಂದಿರೇ, ಆ ತರಬೇತಿಯೋರು ಊಟ ಹಾಕಿದ್ರಾ?"

"ಹಾಕಿದ್ರು ಅತ್ತೆ."

"ಏನೋ ಬೆರೆಸಿರ್ಬೇಕು."

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಕಪ್ಪು ಹಲಗೆಯೊಂದು ನೇತಾಡಿತು. ಮೇಲೆ ದಪ್ಪಕ್ಷರದಲ್ಲಿ "ಗುರಿ: ತಿಂಗಳ ಕೊನೆಗೆ ನೂರು". ಕೆಳಗೆ ಸೀಮೆಸುಣ್ಣದಲ್ಲಿ ಅಂದಿನವರೆಗಿನ ಮಾರಾಟ. ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂದು ತರಬೇತಿಯವರು ಹೇಳಿದ್ದರು. ಬೀದಿಯಲ್ಲಿದ್ದ ಅಷ್ಟೂ ಕಣ್ಣುಗಳು ಬಂದು ಬಿದ್ದವು!

ಎದುರಿನ ಸಲೂನಿನವನಿಗಂತೂ ಹೊಸ ಉದ್ಯೋಗವೇ ಸಿಕ್ಕಿತು. ಕತ್ತರಿ ಆಡಿಸುತ್ತಲೇ ಕೂಗುತ್ತಿದ್ದ. "ದಿಂಬಣ್ಣಾ, ಎಷ್ಟಕ್ಕೆ ನಿಂತಿದೆ?"

"ಹನ್ನೊಂದು!"

"ನಿನ್ನೇನೂ ಹನ್ನೊಂದೇ ಇತ್ತಲ್ಲಪ್ಪಾ! ಗುರಿ ಮಲಗಿಬಿಡ್ತಾ? ಮಲಗ್ಲಿ ಬಿಡು, ದಿಂಬಿಗೇನು ಬರ!"

ಕುರ್ಚಿಯಲ್ಲಿ ಕೂತವರು ನಕ್ಕರು. ದಿಂಬಣ್ಣನ ಕಿವಿ ಕೆಂಪಾಯಿತು. ಇದುವರೆಗೆ ಏನೂ ಮಾರಾಟವಾಗದ ದಿನ ಅವನಿಗೂ ಹೆಂಡತಿಗೂ ಮಾತ್ರ ಗೊತ್ತಾಗುತ್ತಿತ್ತು. ಈಗ ಹಾಲಿನವನಿಗೂ ಗೊತ್ತಾಗುತ್ತಿತ್ತು! ಮಾನ ಉಳಿಸಿಕೊಳ್ಳಲು ಅವನು ಬೆಲೆ ಇಳಿಸಿದ. ಆಮೇಲೆ ಇನ್ನೂ ಇಳಿಸಿದ. ಕೊನೆಗೆ ಎರಡು ಕೊಂಡವರಿಗೆ ಒಂದು ಪುಕ್ಕಟೆ ಎಂದ. ಬೀದಿಯೂ ಕೈಬಿಡಲಿಲ್ಲ. ಮೂಲೆಮನೆಯ ಪಿಂಚಣಿ ತಾತ ಕರುಣೆಯಿಂದ ಮೂರು ಒಯ್ದರು. ಸಲೂನಿನವನು ಕುರ್ಚಿಯ ಕುತ್ತಿಗೆಗೊಂದು ಕಟ್ಟಿದ. ಯಾರೋ ಸ್ಕೂಟರಿನ ಸೀಟಿಗೆ ಹಾಕಿಕೊಂಡರು, ಇನ್ಯಾರೋ ನಾಯಿಗೆ ಹಾಸಿದರು. ಹಲಗೆಯ ಅಂಕಿ ಏರತೊಡಗಿತು.

"ಪುಕ್ಕಟೆ ಕೊಟ್ಟಿದ್ದನ್ನೂ ಮಾರಿದ್ದು ಅಂತ ಬರೀತಿದೀರಲ್ಲ!" ಎಂದಳು ಹೆಂಡತಿ.

"ಮನೆಯಿಂದ ಹೋಯ್ತೋ ಇಲ್ವೋ?"

"ಹೋದ ವಾರ ನಿಮ್ಮ ಕೊಡೆನೂ ಹೋಯ್ತು. ಅದನ್ನೂ ಮಾರಿದಿರಾ?"

ಮಹಾಪುರುಷರು ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಅವನು ಸೀಮೆಸುಣ್ಣ ಹಿಡಿದು ಹೊರಗೆ ನಡೆದ.

ತಿಂಗಳ ಕೊನೆಯ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಹಲಗೆ ಎಂಬತ್ತು ದಾಟಿತ್ತು, ಅಂಗಡಿಯ ಗೂಡುಗಳು ಬೋಳಾಗಿದ್ದವು. ನಡುವಿನ ಕೋಣೆಯ ಹತ್ತಿಯ ಗುಡ್ಡವೂ ಸವೆದುಹೋಗಿತ್ತು, ಹತ್ತಿಯ ಗಾಡಿ ಬರಲು ಇನ್ನೂ ಕೆಲವು ದಿನಗಳಿದ್ದವು. ಹೊರಗೆ ಬೀದಿ ನೆರೆದಿತ್ತು. ಸಲೂನಿನವನು ಒಂದು ಕೆನ್ನೆಯ ನೊರೆ ಹಾಗೇ ಬಿಟ್ಟು ಬಂದಿದ್ದ, ಆ ಕೆನ್ನೆಯ ಒಡೆಯನೂ ಜೊತೆಗೇ ಬಂದಿದ್ದ.

"ದಿಂಬಣ್ಣಾ, ಕೈಬಿಡಬೇಡ! ನಾವಿದೀವಿ, ದಿಂಬು ತಾ!"

ಹೆಂಡತಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ದಿಂಬಣ್ಣನ ಕಣ್ಣು ಒಳಗಿನ ಕೋಣೆಯತ್ತ ಹೊರಳಿತು. ರಾಶಿಯ ಮೇಲೆ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಅವನು ಬೆಕ್ಕಿನ ಹೆಜ್ಜೆಯಿಟ್ಟು ಹೋಗಿ ಕೆಳಗಿನ ಮೂಲೆಯಿಂದ ಒಂದು ದಿಂಬು ಎಳೆದ. ಕಳ್ಳತನವಲ್ಲ, ತನ್ನ ಅಂಗಡಿಯಿಂದ ತಾನೇ ತೆಗೆದುಕೊಂಡ ಕೈಗಡ! ಹೊರಗೆ ಚಪ್ಪಾಳೆ ಬಿತ್ತು. ಮತ್ತೆ ಬಂದ, ಇನ್ನೊಂದು ಎಳೆದ. ಚಪ್ಪಾಳೆಗೆ ಎಂಥ ಶಕ್ತಿ! ಅವನು ಎಳೆಯುತ್ತ ಹೋದ, ಅತ್ತೆ ಇಳಿಯುತ್ತ ಹೋದರು.

ನಡುವೆ ಅವರಿಗೆ ಎಚ್ಚರವಾಯಿತು. "ಅಳಿಯಂದಿರೇ, ಆಗ ಕಿಟಕಿಯಿಂದ ಬೀದಿ ಕಾಣ್ತಿತ್ತು. ಈಗ ಗೋಡೆ ಕಾಣ್ತಿದೆ."

"ಕಣ್ಣಿನ ಆಯಾಸ ಅತ್ತೆ. ಮಲಗಿ."

"ಹೌದೇನೋಪ್ಪ," ಎಂದು ಅವರು ಮಗ್ಗುಲು ತಿರುಗಿದರು.

ನೂರನೆಯ ದಿಂಬು ಬೀದಿಗೆ ಬಂದಾಗ ಎದ್ದ ಕೂಗಿಗೆ ಹಿತ್ತಿಲಿನಿಂದ ಹೆಂಡತಿ ಓಡಿಬಂದಳು. ಗಂಡ ಇಬ್ಬರ ಹೆಗಲ ಮೇಲಿದ್ದ. ಒಳಗೆ ಹೋಗಿ ನೋಡಿದರೆ ತಾಯಿ ಹೆಚ್ಚುಕಡಿಮೆ ನೆಲದ ಮೇಲಿದ್ದರು. ಕೆಳಗೆ ತೆಳ್ಳಗೆ ಒಂದು ಸಾಲು ದಿಂಬು ಉಳಿದಿತ್ತು.

ಅವಳು ಹೊರಗೆ ಬಂದು ಮೆಲ್ಲಗೆ ಕೇಳಿದಳು. "ರೀ, ನಾಳೆ ಬೆಳಿಗ್ಗೆ ಲಾಡ್ಜ್ ಮ್ಯಾನೇಜರ್‌ಗೆ ಏನು ತೋರಿಸ್ತೀರಿ? ಹಲಗೇನಾ?"

ಹೆಗಲ ಮೇಲಿದ್ದವನು ತಾನಾಗಿಯೇ ಕೆಳಗಿಳಿದ.

"ಅವರು ಬಂದಾಗ ಇರೋ ವಿಷಯ ಹೇಳ್ಬಿಡೋಣ," ಎಂದಳು ಅವಳು.

"ಹೇಳಿದ್ರೆ ಆರ್ಡರ್ ಹೋಗುತ್ತೆ ಕಣೇ! ಬರೀ ತೋರಿಸೋಕೆ ಅಂತ ಬೀದಿಯವರ ಹತ್ರ ಕೇಳಿ ತರ್ತೀನಿ. ಒಂದು ಗಂಟೆ ಮಟ್ಟಿಗೆ."

"ಆ ಕೆಲಸಕ್ಕೆ ನನ್ನ ಕೈ ಸೇರಿಸಬೇಡಿ."

ಬೆಳಕು ಹರಿಯುತ್ತಿದ್ದಂತೆ ದಿಂಬಣ್ಣ ಬೀದಿಗಿಳಿದ. ಮಾರುವುದಕ್ಕಿಂತ ಮರಳಿ ಕೇಳುವುದೇ ಕಷ್ಟ ಎಂದು ಯಾವ ತರಬೇತಿಯವರೂ ಹೇಳಿರಲಿಲ್ಲ. ಬೀದಿ ಇನ್ನೂ ನಿದ್ದೆಯಲ್ಲಿತ್ತು, ಅದೂ ಅವನ ದಿಂಬುಗಳ ಮೇಲೆಯೇ!

"ಈಗಲೇ ಬೇಕಾ?" ಎಂದು ಪಿಂಚಣಿ ತಾತ ಕಣ್ಣು ತೆರೆಯದೆಯೇ ಗೊಣಗಿದರು. "ಇಂಥ ನಿದ್ದೆ ಬಂದು ವರ್ಷಗಳಾಗಿತ್ತಲ್ಲಯ್ಯಾ." ದಿಂಬಣ್ಣ ಕಿಟಕಿಯಿಂದಲೇ ಕೈಹಾಕಿ ಎಳೆದುಕೊಂಡ. ಒಳಗೆ ತಲೆಯೊಂದು ಮಂಚಕ್ಕೆ ಬಿದ್ದ ಸದ್ದು ಕೇಳಿತು. ಸಲೂನಿನವನು ಕುರ್ಚಿಯಿಂದ ಬಿಚ್ಚಿಕೊಟ್ಟ. ನಾಯಿ ಮಾತ್ರ ಕೊಡಲಿಲ್ಲ. ಮನೆಗೆ ಬಂದು ಎಲ್ಲಕ್ಕೂ ತಾನೇ ಹೊಸ ಗವಸು ತೊಡಿಸಿದ, ಕೆಲವಕ್ಕೆ ಒಳಗು ಹೊರಗಾಗಿ. ಆದರೂ ಒಂದು ಕಡಿಮೆ ಬಿತ್ತು. ತನ್ನ ಹಾಸಿಗೆಯ ದಿಂಬನ್ನೇ ತಂದು ರಾಶಿಗೆ ಸೇರಿಸಿದ. ಮದುವೆಯಾದ ಹೊಸದರಲ್ಲಿ ಹೆಂಡತಿ ತನ್ನ ಕೈಯಿಂದಲೇ ಹತ್ತಿ ಬಿಡಿಸಿ ತುಂಬಿಕೊಟ್ಟಿದ್ದ ದಿಂಬು ಅದು.

ಮ್ಯಾನೇಜರ್ ಬಂದರು. ಕಣ್ಣ ಕೆಳಗೆ ಕಪ್ಪು ಕಟ್ಟಿದ, ಬೇಸರದ ಮುಖದ ಮನುಷ್ಯ. ದಿಂಬನ್ನು ಅವರು ಕೈಯಿಂದ ಒತ್ತಿ ನೋಡುವವರಲ್ಲ. ಕೆಳಗೆ ಕೂತು ಕೆನ್ನೆ ಇಟ್ಟೇ ನೋಡುವವರು.

ಮೊದಲ ದಿಂಬಿಗೆ ಕೆನ್ನೆ ಇಟ್ಟರು. ತಲೆ ಎತ್ತಿದರು. "ಏನ್ರೀ, ಬೆಚ್ಚಗಿದೆ?"

ಅತ್ತೆ ನೆರವಿಗೆ ಬಂದರು. "ಈಗ ತಾನೇ ಇಳಿಸಿದ್ದು ಸಾರ್. ಬಿಸಿಬಿಸಿ ಇದೆ!"

ಎರಡನೆಯದಕ್ಕೆ ಮುಖ ಕಿವುಚಿದರು. "ಇದು ಗಡ್ಡದ ಸೋಪಿನ ವಾಸನೆ ಅಲ್ವಾ?"

"ಸು... ಸುಗಂಧದ ದಿಂಬು ಸಾರ್. ಹೊಸ ಮಾದರಿ."

ಮೂರನೆಯದನ್ನು ಎತ್ತಿದಾಗ ಗವಸಿನೊಳಗಿಂದ ಕನ್ನಡಕವೊಂದು ಟಪ್ಪನೆ ಬಿತ್ತು. ದಿಂಬಣ್ಣ ಅದಕ್ಕೂ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲ ಚೌಕಟ್ಟು ತಡವುತ್ತ ಪಿಂಚಣಿ ತಾತ ಒಳಗೆ ಬಂದರು. "ದಿಂಬಣ್ಣಾ, ನನ್ನ ಕನ್ನಡಕ ಆ ದಿಂಬಿನ ಜೊತೆ ಬಂತೇನೋ ನೋಡಯ್ಯಾ." ಅವರ ಹಿಂದೆ ಸಲೂನಿನವನು. "ನನ್ನದು ಬೇಗ ಕೊಡಣ್ಣಾ, ಗಿರಾಕಿ ಕುತ್ತಿಗೆ ಹಿಂದಕ್ಕೆ ಹಾಕ್ಕೊಂಡು ಕಾಯ್ತಿದಾರೆ." ಅವನ ಹಿಂದೆ ಸ್ಕೂಟರಿನವರು. ಅವರ ಹಿಂದೆ ಅರ್ಧ ಬೀದಿ!

ಹೆಂಡತಿ ಮುಂದೆ ಬಂದಳು. "ಸಾರ್, ಸುಳ್ಳು ಸಾಕು. ನಿಮ್ಮ ದಿಂಬು ನಾನು ಹೊಲಿದಿದ್ದೆ. ನಮ್ಮ ಮನೆಯವರು ಗುರಿ ಮುಟ್ಟೋ ಭರದಲ್ಲಿ ಅದನ್ನ ಈ ಬೀದಿಗೆಲ್ಲ ಮಾರಿಬಿಟ್ಟರು. ಇವರೆಲ್ಲ ಮಲಗಿದ್ದ ದಿಂಬನ್ನೇ ತಂದಿಟ್ಟಿದಾರೆ. ತಪ್ಪಾಯ್ತು."

ದಿಂಬಣ್ಣನ ಹೆಗಲು ಆಗಲೇ ದಿಂಬಿನ ಮೂಟೆಯ ಭಾರವನ್ನು ನೆನೆಸಿಕೊಳ್ಳುತ್ತಿತ್ತು. ಈ ಗದ್ದಲದ ನಡುವೆಯೇ ನಾಲ್ಕನೆಯ ದಿಂಬಿಗೆ ಕೆನ್ನೆ ಇಟ್ಟಿದ್ದ ಮ್ಯಾನೇಜರ್ ಏಳಲೇ ಇಲ್ಲ. ಇಷ್ಟು ಕೋಪವೇ? ಅತ್ತೆ ಬಗ್ಗಿ ನೋಡಿದರು. ಬಾಯಿಗೆ ಬೆರಳಿಟ್ಟು ಪಿಸುಗುಟ್ಟಿದರು. "ಶ್! ಮಲಗಿಬಿಟ್ಟಿದಾರೆ!"

ಗೊರಕೆಯೂ ಶುರುವಾಯಿತು. ಎಬ್ಬಿಸುವ ಧೈರ್ಯ ಯಾರಿಗಿದೆ? ಬೀದಿಯೆಲ್ಲ ತುದಿಗಾಲಲ್ಲಿ ನಿಂತಿತು. ಸಲೂನಿನವನು ಹಾಲಿನವನ ಸೈಕಲ್ ಗಂಟೆಯನ್ನು ಕೈಯಿಂದ ಮುಚ್ಚಿ ಹಿಡಿದ. ತಾತ ಬಂದ ಸೀನನ್ನು ನುಂಗಿಕೊಂಡರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು ಮ್ಯಾನೇಜರ್ ಮೂಗಿನ ಮೇಲೆ ಕೂತಾಗಲೇ ಅವರು ಕಣ್ಣು ಬಿಟ್ಟಿದ್ದು.

ಎದ್ದು ಕೂತರು. ಸುತ್ತಲೂ ನೋಡಿದರು. ಬೇಸರದ ಮುಖ ಎಲ್ಲಿ ಹೋಯಿತೋ!

"ಊರಿನೋರನ್ನೆಲ್ಲ ಮಲಗಿಸೋ ಕೆಲಸ ನಂದು. ನಾನೇ ನೆಟ್ಟಗೆ ಮಲಗಿ ಎಷ್ಟು ಕಾಲ ಆಗಿತ್ತೋ," ಎಂದರು. "ಯಾರಮ್ಮ ಇದನ್ನ ತುಂಬಿದ್ದು?"

"ನಾನೇ ಸಾರ್. ಆದರೆ ಅದು ಹಳೇದು. ನಮ್ಮ ಮನೆಯವರದ್ದು."

"ಎಲ್ಲಾನೂ ಇದರ ಹಾಗೇ ಮಾಡಿಕೊಡ್ತೀರಾ?"

"ಹತ್ತಿ ಬರಬೇಕು, ಕೈಯಲ್ಲೇ ಬಿಡಿಸಬೇಕು. ನಿಧಾನ ಆಗುತ್ತೆ."

"ಆಗ್ಲಿ. ದಿನ ನೀವೇ ಹೇಳಿ. ಆದರೆ ಮಾತುಕತೆ ಇನ್ಮೇಲೆ ನಿಮ್ಮ ಜೊತೆ ಮಾತ್ರ." ದಿಂಬಣ್ಣನತ್ತ ಒಮ್ಮೆ ನೋಡಿದರು. "ಮಾದರಿಗೆ ಇದು ನನ್ನ ಹತ್ತಿರಾನೇ ಇರ್ಲಿ." ಮಗುವನ್ನು ಎತ್ತಿಕೊಂಡಂತೆ ದಿಂಬನ್ನು ಅಪ್ಪಿಕೊಂಡು ಮ್ಯಾನೇಜರ್ ಹೊರಟೇಬಿಟ್ಟರು. ಬೀದಿಯವರೂ ತಂತಮ್ಮ ದಿಂಬು ಹುಡುಕಿಕೊಂಡು, ಒಂದೆರಡು ಜಗಳ ಮಾಡಿಕೊಂಡು ಚದುರಿದರು.

ಮಧ್ಯಾಹ್ನ ಊಟವಾದ ಮೇಲೆ, ಉಳಿದಿದ್ದ ಒಂದು ಸಾಲು ದಿಂಬಿನ ಮೇಲೆ ಅತ್ತೆ ಪವಡಿಸಿದರು. ದಿಂಬಣ್ಣ ಚಾಪೆ ಬಿಡಿಸಿ ಒರಗಿದ. ತಲೆ ಠಣ್ಣನೆ ನೆಲಕ್ಕೆ ಬಡಿಯಿತು. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಫೈಲನ್ನು ತಲೆಯಡಿ ಇಟ್ಟು ನೋಡಿದ.

"ಏ, ಕೇಳಿಸ್ತಾ? ನನಗೊಂದು ದಿಂಬು ಹೊಲಿದುಕೊಡೇ."

ಯಂತ್ರದ ಸದ್ದು ನಿಲ್ಲಲಿಲ್ಲ. "ಹತ್ತಿ ಬರ್ಲಿ. ಮೊದಲು ಲಾಡ್ಜಿನೋರದ್ದು."

"ಆಮೇಲೆ ನನ್ನದು ತಾನೇ?"

"ನೀವು ಆರ್ಡರ್ ಎಲ್ಲಿ ಕೊಟ್ಟಿದೀರಿ?"

ದಿಂಬಣ್ಣ ಎದ್ದು ಕೂತ. ಅಂಗಿ ಹಾಕಿಕೊಂಡು, ಹಿತ್ತಿಲ ಬಾಗಿಲಿಂದ ಇಳಿದು, ಸುತ್ತು ಹಾಕಿ ಬೀದಿಗೆ ಬಂದು, ಅಂಗಡಿಯ ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತ.

"ಅಮ್ಮಾ, ಒಂದು ದಿಂಬು ಬೇಕಾಗಿತ್ತು."

ಅವಳು ಹಲ್ಲಿನಲ್ಲಿ ದಾರ ಕಡಿದು, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮುಂಗಡ ತಂದಿದೀರಾ?"