ಚುಕ್ಕಿಯಾದ ಮೇಲೆ ಎಷ್ಟು ಜಾಗ

ಚಳ್ಳಕೆರೆಯಲ್ಲಿ ಟೈಪಿಂಗ್ ಕಲಿತವರ ಹೆಬ್ಬೆರಳಿಗೆಲ್ಲ ಒಂದೇ ಅಭ್ಯಾಸ: ವಾಕ್ಯ ಮುಗಿದು ಚುಕ್ಕಿ ಬಿತ್ತೆಂದರೆ ಸ್ಪೇಸ್ ಬಾರನ್ನು ಎರಡು ಸಲ ಒತ್ತುವುದು. ಅಭ್ಯಾಸ ಮಾಡಿಸಿದವರು ಟೈಪಿಂಗ್ ಮೇಷ್ಟ್ರು ಜಂಬುಲಿಂಗಪ್ಪನವರು. ಅಂಥವರ ಮನೆಯ ಮುಂದಿನ ಕೋಣೆಗೇ ಕಂಪ್ಯೂಟರ್ ಬಂದು, ಸ್ವಂತ ಮಗಳು ದೀಪಿಕಾ ಒಂದೇ ಸಲ ಒತ್ತತೊಡಗಿದಳು.

"ವಾಕ್ಯಕ್ಕೆ ಉಸಿರಾಡಾಕೆ ಜಾಗ ಬ್ಯಾಡ್ವೇನೇ?"

"ಕಂಪ್ಯೂಟರ್‌ನಾಗೆ ಒಂದೇ ಸಾಕು ಅಪ್ಪಾಜಿ. ಎರಡು ಬಿಟ್ರೆ ಹಲ್ಲು ಉದುರಿದಂಗೆ ಕಾಣ್ತೈತೆ."

(ಜಂಬುಲಿಂಗಪ್ಪನವರ ಮುಂದಿನ ಹಲ್ಲು ಆಗಲೇ ಉದುರಿತ್ತು. ಅಂದು ಅವರು ಊಟಕ್ಕೆ ಏಳಲಿಲ್ಲ.)

ಈ ವಿರಾಮಯುದ್ಧ ಕೊನೆಗೆ ದೀಪಿಕಾಳ ಮದುವೆಯ ಬಯೋಡೇಟಾಕ್ಕೇ ಬಂದು ನಿಂತಿತು. ಮೊಳಕಾಲ್ಮೂರಿನ ಸೀರೆ ವ್ಯಾಪಾರಿ ದೊಡ್ಡೀರಪ್ಪನವರ ಮಗ ವೀರೇಶ್ ಅವಳ ಜೊತೆ ಕಂಪ್ಯೂಟರ್ ಕಲಿತವನು, ಇಬ್ಬರಿಗೂ ಮನಸ್ಸಿತ್ತು. ಆದರೆ ಹಿಂದೆ ಬಂದ ಸಂಬಂಧವೊಂದನ್ನು ಜಂಬುಲಿಂಗಪ್ಪನವರು, ಗಂಡಿನವರ ಪತ್ರದ ಕಾಗುಣಿತ ತಿದ್ದಿ ವಾಪಸು ಕಳಿಸಿ, ಮುರಿದುಹಾಕಿದ್ದರು. ಆ ಕೀರ್ತಿ ಮೊಳಕಾಲ್ಮೂರಿಗೂ ಮುಟ್ಟಿರಬಹುದೆಂದು ಹೆಂಡತಿ ಸುಲೋಚನಮ್ಮನಿಗೆ ಭಯ. ಆ ಕೀರ್ತಿಯನ್ನು ತೊಡೆಯಲೆಂದೇ ಜಂಬುಲಿಂಗಪ್ಪನವರು ಬಯೋಡೇಟಾದ ಕೊನೆಗೆ ತಮ್ಮ ಬಗ್ಗೆ ತಾವೇ ಒಂದು ಘನವಾದ ವಾಕ್ಯ ಸೇರಿಸಿದ್ದರು.

ಬಯೋಡೇಟಾವನ್ನು ಮೊಳಕಾಲ್ಮೂರಿಗೆ ಒಯ್ಯಲು ಸುಲೋಚನಮ್ಮನ ಅಣ್ಣ ಬೊಮ್ಮಲಿಂಗಪ್ಪ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು. ಬಸ್ಸು ಹೊರಡುವ ಹೊತ್ತು. ದೀಪಿಕಾ ಎಲ್ಲವನ್ನೂ ಒಂದೇ ಹಾಳೆಗೆ ಕೂರಿಸಿ, ಮಾವನಿಗೆ ನೀರು ತರಲು ಒಳಗೆ ಹೋದಳು. ಅಷ್ಟೇ ಸಾಕಾಯಿತು. ಜಂಬುಲಿಂಗಪ್ಪನವರು ಕುರ್ಚಿಗೆ ಜಾರಿ, ಚುಕ್ಕಿ ಚುಕ್ಕಿ ಹುಡುಕಿ ಇನ್ನೊಂದೊಂದು ಜಾಗ ಒತ್ತತೊಡಗಿದರು.

"ರೀ, ಬಸ್ಸು ಹೋಗ್ತೈತೆ."

"ಹೋಗ್ಲಿ. ನನ್ನ ಮನೆಯಿಂದ ತಪ್ಪು ಕಾಗದ ಹೋಗಂಗಿಲ್ಲ."

ಪ್ರಿಂಟರ್ ಕರಕರ ಎಂದು ಹಾಳೆ ಉಗುಳಿದ್ದೇ ತಡ, ಸುಲೋಚನಮ್ಮ ಅದನ್ನು ಕಿತ್ತು ಮಡಚಿ ಅಣ್ಣನ ಕೈಗಿಟ್ಟರು. ಬೊಮ್ಮಲಿಂಗಪ್ಪ ಓಡಿದರು. ಜಂಬುಲಿಂಗಪ್ಪನವರು ದಿಗ್ವಿಜಯದ ದಣಿವಿನಲ್ಲಿ ಒರಗಿದರು. ಆಗ ಯಂತ್ರ ಮತ್ತೆ ಕರಕರ ಎಂದಿತು. ಎರಡನೇ ಹಾಳೆ. ಅದರಲ್ಲಿ ಒಂದೇ ಸಾಲು: 'ಎಂದು ಈ ಊರಿನಲ್ಲಿ ಒಬ್ಬರೂ ಹೇಳುವುದಿಲ್ಲ.'

"ಏನಂತ ಹೇಳಲ್ಲ?" ಸುಲೋಚನಮ್ಮ ಕೇಳಿದರು.

ನೀರಿನ ಚೊಂಬು ಹಿಡಿದೇ ದೀಪಿಕಾ ಪರದೆಯನ್ನು ನೋಡಿ ಮೆಲ್ಲಗೆ ಓದಿದಳು: "'ಹುಡುಗಿಯ ತಂದೆ ಮಹಾ ಹಟಮಾರಿ, ಎಲ್ಲರೊಡನೆ ವಾದಕ್ಕೆ ನಿಲ್ಲುವವರು'. ಎರಡೆರಡು ಜಾಗಕ್ಕೆ ಸಾಲು ಕೆಳಗೆ ಜಾರಿ, ಒಯ್ದ ಹಾಳೆ ಇಲ್ಲಿಗೇ ಮುಗೀತೈತೆ." ಅವಳ ಕಣ್ಣಲ್ಲಿ ನೀರಾಡಿತು.

ಜಂಬುಲಿಂಗಪ್ಪನವರು ಹಾಳೆ ಹಿಡಿದು, ಪಂಚೆ ಎತ್ತಿಕಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದರು. ಬಸ್ಸು ಹೋಗಿ, ಧೂಳು ಉಳಿದಿತ್ತು. ಹಾಳೆ ಹಿಡಿದೇ ಮನೆಗೆ ಮರಳಿದರು.

"ಫೋನ್ ಮಾಡಿ ಹೇಳ್ರಿ," ಎಂದರು ಸುಲೋಚನಮ್ಮ.

"ಏನಂತ ಹೇಳ್ಲಿ? ಎರಡೆರಡು ಜಾಗ ಬಿಡಾಕೆ ಹೋಗಿ ಹಟಮಾರಿ ಆದೆ ಅಂತ್ಲಾ?"

ಮಧ್ಯಾಹ್ನ ದೀಪಿಕಾ ತಟ್ಟೆಯ ಮುಂದೆ ಕೂತು ಹಾಗೇ ಎದ್ದಳು. ಅದನ್ನು ಕಂಡು ಜಂಬುಲಿಂಗಪ್ಪನವರಿಗೆ, ಬೇಕಾದರೆ ಜನ್ಮವಿಡೀ ಒಂದೇ ಜಾಗ ಬಿಟ್ಟೇನು ಅನ್ನಿಸಿತು.

ಸಂಜೆ ಫೋನ್ ಬಂತು. ದೊಡ್ಡೀರಪ್ಪನವರೇ.

"ನಮ್ಮ ಮನೇಲಿ ಎಲ್ರಿಗೂ ಒಪ್ಪಿಗೆ ಕಣ್ರಿ. ತಮ್ಮ ಬಗ್ಗೆ ಇಷ್ಟು ನಿಜ ಬರೆಯೋ ಮನೆಯವರನ್ನ ನಾನು ಕಂಡಿಲ್ಲ. ಒಂದೇ ವಿನಂತಿ. ಮಾತುಕತೆಗೆ ಅಮ್ಮಾವ್ರನ್ನ ಕಳಿಸ್ರಿ, ನೀವು ಆರಾಮಾಗಿ ಮನೇಲಿರ್ರಿ."

"ಹಂಗಲ್ರಿ, ಆ ವಾಕ್ಯ ಅಲ್ಲಿಗೆ ಮುಗಿಯಲ್ಲ. ಚುಕ್ಕಿ ಆದ ಮೇಲೆ ಎರಡು ಜಾಗ ಯಾಕೆ ಬಿಡಬೇಕು ಅಂದ್ರೆ..."

"ಗೊತ್ತಾಯ್ತು ಬಿಡ್ರಿ," ಎಂದು ದೊಡ್ಡೀರಪ್ಪನವರು ನಕ್ಕರು. "ವಾದಕ್ಕೆ ನಿಲ್ತೀರಿ ಅಂತ ನೀವೇ ಬರೆದೀರಲ್ಲ."

ಸುಲೋಚನಮ್ಮ ಗಂಡನ ಕೈಯಿಂದ ರಿಸೀವರ್ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, "ಹೇಳ್ರಿ ಬೀಗರೆ," ಎಂದರು.