ಟಗರುಕೊಂಬಿನ ಹ್ಯಾಂಡಲ್ಲು ಮತ್ತು ನನ್ನ ವಿನಯ

ವಿನಯ ಹುಟ್ಟಿನಿಂದ ಬರುತ್ತದೆ ಎಂದು ಕೆಲವರು ಹೇಳುತ್ತಾರೆ, ವಿದ್ಯೆಯಿಂದ ಬರುತ್ತದೆ ಎಂದು ಇನ್ನು ಕೆಲವರು. ನಾನು ಹೊಸಪೇಟೆಯ ಬೋರ್ಡು ಸ್ಕೂಲಿನ ಮೇಷ್ಟ್ರಾದ್ದರಿಂದ ಎರಡನೆಯದನ್ನೇ ಮಕ್ಕಳಿಗೆ ಉರು ಹೊಡೆಸುತ್ತೇನೆ. ಆದರೆ ನಿಜ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಅದು ಹುಟ್ಟಿನಿಂದಲೂ ಬರಲಿಲ್ಲ, ವಿದ್ಯೆಯಿಂದಲೂ ಬರಲಿಲ್ಲ. ಸೈಕಲ್ಲಿನಿಂದ ಬಂತು, ಸೈಕಲ್ಲಿನಿಂದಲೇ ಹೋಯಿತು. ಅದು ಹೋದ ದಿನ ನನಗಾದ ಗಾಬರಿ ಇಪ್ಪತ್ತು ವರ್ಷ ಕಳೆದರೂ ಪೂರ್ತಿ ಇಳಿದಿಲ್ಲ. ಈಗಲೂ ಬೆನ್ನ ಹಿಂದೆ ಯಾರಾದರೂ ಸೈಕಲ್ ಗಂಟೆ ಬಾರಿಸಿದರೆ ಎದೆ ಧಸಕ್ಕೆನ್ನುತ್ತದೆ.

ರೈಲ್ವೆ ಕೆಲಸಕ್ಕೆ ಬಂದಿದ್ದ ಬಿಳಿ ದೊರೆಯೊಬ್ಬ ವರ್ಗವಾಗಿ ಹೋಗುವಾಗ ಬಿಟ್ಟುಹೋದ ಸೈಕಲ್ಲು ಅದು. ಅದರ ಟೈರು ನನ್ನ ಹೆಬ್ಬೆರಳಿನಷ್ಟೇ ದಪ್ಪ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಮುಂದಕ್ಕೆ ಹೋಗಿ ಕೆಳಕ್ಕೆ ಸುರುಳಿಯಾಗಿ ಬಾಗಿತ್ತು. ಅದನ್ನು ಹಿಡಿಯಬೇಕಾದರೆ ಸೊಂಟ ಮುರಿದು, ತಲೆ ತಗ್ಗಿಸಿ, ನೆಲ ನೋಡುತ್ತಲೇ ಹೋಗಬೇಕು. ದೊರೆಯ ಸೀಮೆಯಲ್ಲಿ ಗಾಳಿಗೆ ಎದುರಾಗಿ ಓಡಿಸಲು ಹೀಗೆ ಮಾಡುತ್ತಾರಂತೆ. ನಮ್ಮ ಸೀಮೆಯಲ್ಲಿ ಅದರ ಅರ್ಥವೇ ಬೇರೆಯಾಯಿತು. ನಮ್ಮಲ್ಲಿ ಸೈಕಲ್ ಮೇಲೆ ಹೋಗುವವನು ಹಿರಿಯರು ಎದುರಾದರೆ ಇಳಿಯಬೇಕು, ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಬೇಕು, ಅವರು ದಾಟಿದ ಮೇಲೆ ಮತ್ತೆ ಹತ್ತಬೇಕು. ಹೊಸಪೇಟೆಯಲ್ಲಿ ಹಿರಿಯರಿಗೇನು ಬರವೇ? ಬೇರೆಯವರು ಸ್ಟೇಷನ್ನಿನಿಂದ ಸ್ಕೂಲಿಗೆ ಬರುವುದರೊಳಗೆ ಹನ್ನೊಂದು ಸಲ ಹತ್ತಿ ಇಳಿದು, ನಡೆದೇ ಬಂದಿದ್ದರೆ ಚೆನ್ನಾಗಿತ್ತು ಎಂದು ಗೊಣಗುತ್ತಿದ್ದರು. ನಾನು ಮಾತ್ರ ಇಳಿಯುತ್ತಲೇ ಇರಲಿಲ್ಲ. ತಲೆ ಬಗ್ಗಿಸಿ ಹೋಗುವ ನನ್ನನ್ನು ನೋಡಿ ಹಿರಿಯರೇ, "ಇರ್ಲಿ ಬಿಡ್ರಿ ಮೇಷ್ಟ್ರ, ಕುಂತೇ ಹೋಗ್ರಿ" ಎನ್ನುತ್ತಿದ್ದರು. ನಾನು ನಮಸ್ಕಾರ ಮಾಡುತ್ತಿದ್ದೇನೆಂದು ಊರಿಗೆ ಊರೇ ತಿಳಿದುಕೊಂಡಿತ್ತು. ಪುಕ್ಕಟೆ ಬಂದ ಹೆಸರನ್ನು ಯಾರು ಬೇಡವೆನ್ನುತ್ತಾರೆ? ನಾನೂ ಸುಮ್ಮನಿದ್ದೆ.

ಆ ಹೆಸರು ಸಂಡೂರಿನವರೆಗೂ ಹೋಯಿತು. ಅಲ್ಲಿನ ವಿರುಪಾಕ್ಷಪ್ಪನವರು ಮಗಳಿಗೆ ಗಂಡು ಹುಡುಕುತ್ತಿದ್ದರು. ಮಹಾ ಶಿಸ್ತಿನ ಮನುಷ್ಯ. ಅವರೆದುರು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಳ್ಳದೆ ಮಾತಾಡಿದವರಿಲ್ಲ. ಅವರು ಹೊಸಪೇಟೆಗೆ ಬಂದು, ಒಂದು ದಿನವಿಡೀ ಚಹಾದಂಗಡಿಯಲ್ಲಿ ಕುಳಿತು, ನಾನು ಹೋಗಿಬರುವುದನ್ನು ನೋಡಿದರಂತೆ. "ಹುಡುಗ ಭಾಳ ವಿನಯವಂತ. ಬೀದ್ಯಾಗ ತಲಿ ಎತ್ತಿದ್ದು ನಾ ನೋಡ್ಲಿಲ್ಲ" ಎಂದು ನಮ್ಮ ಸೋದರಮಾವನಿಗೆ ಹೇಳಿ ಸಂಬಂಧಕ್ಕೆ ಒಪ್ಪಿಕೊಂಡರು. ಹೆಣ್ಣು ನೋಡಲು ಹೋದಾಗ ಹುಡುಗಿ ಗೌರಮ್ಮ ಅವಲಕ್ಕಿಯ ತಟ್ಟೆ ಇಟ್ಟು, ಅಂಗಳದಲ್ಲಿದ್ದ ನನ್ನ ಸೈಕಲ್ಲಿನ ಕಡೆ ನೋಡಿ, ಮೆಲ್ಲಗೆ ಒಂದೇ ಮಾತು ಕೇಳಿದ್ದಳು. "ಅದ್ಯಾಕ ಹಂಗ ತಲಿ ಕೆಳಗ ಹಾಕೇತಿ?" ನಾನು ಉತ್ತರ ಹೇಳುವುದರೊಳಗೆ ಒಳಗೆ ಹೋಗಿದ್ದಳು. ಮದುವೆಯಾದರೆ ಇವಳನ್ನೇ ಎಂದು ನಾನು ಆಗಲೇ ನಿಶ್ಚಯಿಸಿಬಿಟ್ಟೆ.

ಇನ್ನು ಸಂಡೂರಿಗೆ ಮೇಲಿಂದ ಮೇಲೆ ಹೋಗುವ ಯೋಗ ಬಂತಲ್ಲ, ಆ ಕೆಂಪು ಅದಿರುಗಲ್ಲಿನ ದಾರಿಗೆ ನನ್ನ ಹೆಬ್ಬೆರಳು ಟೈರು ಎಲ್ಲಿ ತಡೆದೀತು? ಮೊದಲೇ ಅದರಿಂದ ಸಾಕಷ್ಟು ಅನುಭವಿಸಿದ್ದೆ. ಹಂಪಿಗೆ ಹೋದರೆ ದೇವರಿಗಿಂತ ಮೊದಲು ಪಂಕ್ಚರಿನ ದರ್ಶನ. ಕಂಪ್ಲಿಯ ಎರೆಹೊಲದ ದಾರಿಯಲ್ಲಿ ಒಮ್ಮೆ ಗಾಲಿ ಬಂಡಿಯ ಜಾಡಿಗೆ ಇಳಿದು ಮೇಲಕ್ಕೆ ಬರಲೊಲ್ಲದೆ, ಯಾರದೋ ಕಬ್ಬಿನ ಗದ್ದೆಯವರೆಗೆ ಕರೆದುಕೊಂಡು ಹೋಗಿತ್ತು. ಆ ಹೊಲದವರು ನಾನು ಕಬ್ಬು ಮುರಿಯಲು ಬಂದೆನೆಂದೇ ತಿಳಿದರು. ಅದಕ್ಕೇ ಸೈಕಲ್ ಷಾಪಿನ ಮಾಬುಸಾಬನ ಹತ್ತಿರ ಹೋಗಿ ಅಗಲವಾದ ಟೈರು ಹಾಕೆಂದೆ.

ಟೈರೇನೋ ಬಂತು. ಅದು ಬ್ರೇಕಿನ ಎರಡು ಕಾಲುಗಳ ನಡುವೆ ತೂರಲೊಲ್ಲದು. "ಟೈರ್ ಬೇಕೋ ಬ್ರೇಕ್ ಬೇಕೋ, ಒಂದು ಹೇಳ್ರಿ ಮೇಷ್ಟ್ರ" ಎಂದ ಮಾಬುಸಾಬ. ಎರಡೂ ಬೇಕೆಂದೆ. "ಹಂಗಾದ್ರ ತಂತಿ ತಗದು ಕಬ್ಬಿಣದ ಕಡ್ಡಿ ಬ್ರೇಕ್ ಹಾಕ್ಬೇಕು. ಕಡ್ಡಿ ಬ್ರೇಕಿಗೆ ಈ ಟಗರುಕೊಂಬು ನಡಿಯಂಗಿಲ್ಲ, ನೆಟ್ಟನ ಹ್ಯಾಂಡಲ್ ಬೇಕು." ಹಾಕು ಎಂದೆ. ಟೈರಿನಿಂದ ಶುರುವಾದದ್ದು ಹ್ಯಾಂಡಲ್ಲಿಗೆ ಬಂದು ಮುಟ್ಟಿದರೂ ನನಗೆ ಬುದ್ಧಿ ಬರಲಿಲ್ಲ. ಮರುದಿನ ಹೋಗಿ ನೋಡಿದರೆ ಸೈಕಲ್ಲಿನ ಗುರುತೇ ಸಿಗಲಿಲ್ಲ. ಗಾಲಿ ಎಮ್ಮೆಯಂತೆ ದಪ್ಪ, ಹ್ಯಾಂಡಲ್ಲು ಎದೆಮಟ್ಟಕ್ಕೆ. ಬ್ರೇಕು ಮಾತ್ರ ಇಲ್ಲ. ಇದ್ದ ಕಡ್ಡಿಯ ಉದ್ದ ಸಾಲದಂತೆ, ಬೇರೆಯದು ಶುಕ್ರವಾರದ ಜುಮ್ಮಾ ಆದಮೇಲೆ ಬಳ್ಳಾರಿಯಿಂದ ಬರುತ್ತದಂತೆ.

"ಅಲ್ಲೀತನ ಹೆಂಗ ನಿಲ್ಲಿಸೋದೋ?" ಎಂದೆ.

"ಕಾಲಾಗ ಚಪ್ಪಲಿ ಅದಾವಲ್ರಿ. ಮುಂದಿನ ಗಾಲಿಗೆ ಒತ್ರಿ, ಎತ್ತಿನಂಗ ನಿಂದ್ರತೈತಿ."

ಜುಮ್ಮಾದವರೆಗೆ ಕಾಯಬಹುದಿತ್ತು. ಆದರೆ ಅದೇ ದಿನ ಪುರೋಹಿತರು ಮುಹೂರ್ತದ ಚೀಟಿ ಬರೆದುಕೊಟ್ಟಿದ್ದರು. ಯಾರ ಕೈಯಲ್ಲಾದರೂ ಕಳಿಸೋಣವೆಂದ ಸೋದರಮಾವನಿಗೆ, ನಾನೇ ಹೋಗುತ್ತೇನೆ, ಪಾಪ ಅವರಿಗ್ಯಾಕೆ ತೊಂದರೆ ಎಂದೆ. ನನ್ನ ಆ ಪರೋಪಕಾರಕ್ಕೆ ಬೆಂಕಿ ಬೀಳಲಿ. ಹೊಸ ಚಪ್ಪಲಿ ಬೇರೆ ಮೆಟ್ಟಿಕೊಂಡು ಹೊರಟೆ.

ನೆಟ್ಟಗೆ ಕುಳಿತು ಹೋಗುವ ಸುಖ ಅಂದೇ ನನಗೆ ಗೊತ್ತಾದದ್ದು. ನಮ್ಮ ಕಡೆ ಇಷ್ಟು ಗುಡ್ಡಗಳಿವೆಯೆಂದು ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಅವನ್ನು ನೋಡುತ್ತಾ ಸಂಡೂರಿನ ಇಳಿಜಾರಿಗೆ ಬಂದಾಗ, ಕೆಳಗೆ ದಾರಿಯ ನಡುವೆ ಮೂವರು ಹಿರಿಯರು ನಡೆದುಕೊಂಡು ಬರುತ್ತಿದ್ದರು. ನಡುವಿನವರು ನಮ್ಮ ಭಾವೀ ಮಾವ. ಇಳಿಯಬೇಕು, ನೂರು ಮಾರು ಇರುವಾಗಲೇ ಇಳಿಯಬೇಕು. ಗಾಲಿಗೆ ಚಪ್ಪಲಿ ಒತ್ತಿದೆ. ಹೊಸ ಅಟ್ಟೆ, ನುಣ್ಣಗೆ ಜಾರಿತು. ಇನ್ನೂ ಜೋರಾಗಿ ಒತ್ತಿದರೆ ಚಪ್ಪಲಿಯೇ ಕಿತ್ತು ಹಾರಿಹೋಯಿತು. ಬ್ರೇಕಿಗಾಗಿ ಕೈ ತಡಕಾಡಿತು, ಸಿಕ್ಕಿದ್ದು ಗಂಟೆ. ಬಾರಿಸಿದೆ. ಬಾಯಿ ತನ್ನಷ್ಟಕ್ಕೆ ತಾನೇ "ದಾರಿ, ದಾರಿ ಬಿಡ್ರಿ" ಎಂದು ಕೂಗಿತು. ಮೂವರೂ ಪಂಚೆ ಎತ್ತಿಕೊಂಡು ತಂಗಡಿ ಗಿಡಗಳೊಳಗೆ ಹಾರಿದರು. ಅವರ ಮುಂದೆಯೇ ನಾನು ಎದೆ ಸೆಟೆಸಿಕೊಂಡು, ಗಂಟೆ ಬಾರಿಸುತ್ತಾ, ದಿವಾನರಂತೆ ದಾಟಿಹೋದೆ. ಹಳೆಯ ಟೈರಾಗಿದ್ದರೆ ಮುಂದಿನ ಹಳ್ಳದ ಮರಳಿನಲ್ಲಾದರೂ ಹೂತು ನಿಲ್ಲುತ್ತಿತ್ತು. ಈ ಹಾಳು ಅಗಲ ಟೈರು ಮರಳನ್ನೂ ಸಲೀಸಾಗಿ ದಾಟಿಸಿ, ಊರೊಳಗೆ ಕರೆದೊಯ್ದು, ವಿರುಪಾಕ್ಷಪ್ಪನವರ ಹಿತ್ತಲ ಗೋಡೆಗೆ ಗುದ್ದಿಸಿಯೇ ನಿಲ್ಲಿಸಿತು.

ಆ ಗೋಡೆಗೆ ಗೌರಮ್ಮ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ಹಸಿ ಕುಳ್ಳಿನ ಮೇಲೆ ಅಂಟಿಕೊಂಡಿದ್ದ ನನ್ನನ್ನು ಒಂದು ಗಳಿಗೆ ನೋಡಿದಳು.

"ದಾರ್ಯಾಗ ಅಪ್ಪ ಸಿಕ್ರೇನು?"

"ಸಿಕ್ಕರು."

"ಇಳದ್ರೇನು?"

ನಾನು ನನ್ನ ಬರಿಯ ಎಡಗಾಲನ್ನು ನೋಡಿಕೊಂಡೆ. ಅವಳು ಹಣೆಗೆ ಕೈ ಹಚ್ಚಿಕೊಂಡಳು, ಸಗಣಿ ಕೈಯೆಂಬುದೂ ನೆನಪಿಲ್ಲದೆ.

ಅಷ್ಟರಲ್ಲಿ ವಿರುಪಾಕ್ಷಪ್ಪನವರು ಜೊತೆಯ ಇಬ್ಬರು ಹಿರಿಯರೊಂದಿಗೆ ದಾರಿಯಿಂದಲೇ ತಿರುಗಿ ಬಂದರು. ಅವರ ಕೈಯಲ್ಲಿ ನನ್ನ ಎಡಗಾಲಿನ ಚಪ್ಪಲಿ. ಹಿರಿಯರ ಕೈಯಲ್ಲಿ ನನ್ನ ಚಪ್ಪಲಿ ನೋಡಿ ನನ್ನ ಜೀವವೇ ಹಾರಿತು. ಹೊಡೆದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವರು ಅದನ್ನು ನನ್ನ ಕಾಲ ಹತ್ತಿರ ಮೆಲ್ಲಗೆ ಇಟ್ಟರು.

"ಇಳೀಲಿಲ್ಲ, ಹೋಗ್ಲಿ" ಎಂದರು. "ಗಂಟಿ ಯಾಕ ಬಾರಿಸಿದ್ರಿ ಮೇಷ್ಟ್ರ? ನಾವೇನು ದನಾನಾ?"

ಮುಹೂರ್ತದ ಚೀಟಿ ಜೇಬಿನಲ್ಲೇ ಬೆವರಿನಿಂದ ಒದ್ದೆಯಾಗುತ್ತಿತ್ತು. ಇನ್ನು ಈ ಮನೆಯ ಅವಲಕ್ಕಿಯ ಋಣ ತೀರಿತು ಎಂದುಕೊಂಡೆ. ಟೈರು ಹಾಕಿಸಿದ್ದು, ಅದಕ್ಕೆ ಬ್ರೇಕು ಹೋಗಿದ್ದು, ಬಳ್ಳಾರಿಯ ಕಡ್ಡಿ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಪೂರ್ತಿ ಕೇಳಿದರು.

"ನಿಲ್ಲಲಿಲ್ಲ ಅನ್ನೋದು ತಿಳೀತು. ಮದ್ಲ ತಲಿ ಬಗ್ಗಿಸ್ತಿದ್ರಿ, ಇವತ್ತು ಎದಿ ಸೆಟೆಸಿದ್ರಿ. ಅದೂ ಬ್ರೇಕಿನ ದೆಸಿಂದಾನಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆದರಿದವನ ಬಾಯಿಗೂ ಬ್ರೇಕು ಇರುವುದಿಲ್ಲ. "ಅಲ್ರಿ, ಅದು ಹ್ಯಾಂಡಲ್ ದೆಸಿಂದ. ಮದ್ಲಿಂದು ಬಾಗಿತ್ತು, ಅದಕ್ಕ ನಾನೂ ಬಾಗ್ತಿದ್ದೆ" ಎಂದುಬಿಟ್ಟೆ.

ವಿರುಪಾಕ್ಷಪ್ಪನವರು ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಹಂಗಾದ್ರ ನಾ ಒಪ್ಪಿದ್ದು ಹುಡುಗನ್ನಲ್ಲ, ಹ್ಯಾಂಡಲ್ನ" ಎಂದರು, ಜೊತೆಯಲ್ಲಿದ್ದ ಹಿರಿಯರ ಕಡೆ ತಿರುಗಿ.

"ನನಗ ಅವತ್ತೇ ಗೊತ್ತಿತ್ತಪ್ಪಾ" ಎಂದಳು ಗೌರಮ್ಮ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಗೊತ್ತಿದ್ದೂ ಒಪ್ಪಿದೇನವ್ವಾ?"

"ನಾ ಹ್ಯಾಂಡಲ್ ನೋಡಿ ಒಪ್ಪಿಲ್ಲಲ್ಲ."

ಆ ದಿನ ಗಾಬರಿಯಾಗುವ ಸರದಿ ಅವರಿಗೂ ಬಂತು. ಅಷ್ಟು ಹಿರಿಯರ ಮುಂದೆ ಮಗಳು ಹಾಗೆ ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ, ನಾನಂತೂ ಎಲ್ಲೂ ಕೇಳಿರಲಿಲ್ಲ. ವಿರುಪಾಕ್ಷಪ್ಪನವರು ಕೊನೆಗೆ ಕಟ್ಟೆಯಿಂದ ಎದ್ದು, "ಮದ್ಲು ಬ್ರೇಕ್ ಹಾಕಿಸ್ಕೊಂಡು ಬರ್ರಿ. ಮುಹೂರ್ತದ ಮಾತು ಆಮ್ಯಾಲ" ಎಂದರು. ಸೈಕಲ್ಲನ್ನು ತಳ್ಳಿಕೊಂಡೇ ಹೊಸಪೇಟೆಗೆ ಬಂದೆ. ಜುಮ್ಮಾ ಮುಗಿಸಿ ಮಾಬುಸಾಬ ಷಾಪು ತೆರೆಯುವುದಕ್ಕೆ ಮುಂಚೆಯೇ ಅಲ್ಲಿ ಕುಳಿತಿದ್ದೆ. ಮದುವೆ ನಡೆಯಿತು. ಮುಂದೆ ಅವರಿರುವವರೆಗೂ ಮಾವನವರನ್ನು ಕಂಡರೆ ಒಂದು ಫರ್ಲಾಂಗು ದೂರದಲ್ಲೇ ಇಳಿಯುತ್ತಿದ್ದೆ.

ಈಗ ನಾನೇ ಹೆಡ್‌ಮೇಷ್ಟ್ರು, ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ, ಬೀದಿಯಲ್ಲಿ ಸೈಕಲ್ಲಿನವರು ನನ್ನನ್ನು ಕಂಡು ಇಳಿಯುತ್ತಾರೆ. ಮೊನ್ನೆ ಸಂಜೆ ತಾಲೂಕು ಕಚೇರಿಗೆ ಹೊಸದಾಗಿ ಬಂದ ಗುಮಾಸ್ತ ಮಾತ್ರ ಇಳಿಯಲಿಲ್ಲ. ಗಂಟೆ ಬಾರಿಸುತ್ತಾ, ಎದೆ ಸೆಟೆಸಿಕೊಂಡು, ನನ್ನನ್ನು ಚರಂಡಿಯ ಪಕ್ಕಕ್ಕೆ ಹಾರಿಸಿ ಹೋದ. ನಾನು ಉರಿದುಬಿದ್ದು ಮನೆಗೆ ಬಂದೆ. ಎಂಥ ಸೊಕ್ಕು, ಎಂಥ ಕಾಲ ಬಂತು, ಹಿರಿಯರೆಂದರೆ ಏನೆಂದು ತಿಳಿದಿದ್ದಾನೆ, ನಾಳೆಯೇ ತಹಶೀಲ್ದಾರರಿಗೆ ಬರೆಯುತ್ತೇನೆ ಎಂದು ಕಾಗದ, ಮಸಿ ಎಲ್ಲವನ್ನೂ ತೆಗೆದಿಟ್ಟುಕೊಂಡೆ. ಗೌರಮ್ಮ ಅಕ್ಕಿ ಆರಿಸುತ್ತಾ ಕುಳಿತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಅವನ ಕಾಲಾಗ ಎರಡೂ ಚಪ್ಪಲಿ ಇದ್ವೇನು, ನೋಡಿದ್ರೇನ್ರಿ?"