ಎದುರಾಳಿ ಆಟಗಾರರಿಗೆ ನಮ್ಮ ಮಾವನವರು ನೀಡುತ್ತಿದ್ದ ಸ್ವಾಗತದ ಕುರಿತು

ನಮ್ಮ ಸೋದರಮಾವನವರು ಒಂದು ದಿನವೂ ಮೈದಾನಕ್ಕೆ ಇಳಿದವರಲ್ಲ. ಆದರೂ ಕಗ್ಗದಾಸಪುರದ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಅತಿ ಹೆಚ್ಚು ಕ್ಯಾಚುಗಳನ್ನು ಬೀಳಿಸಿದ ಕೀರ್ತಿ ಅವರಿಗೇ ಸಲ್ಲತಕ್ಕದ್ದು ಎಂಬುದನ್ನು ಮಾನ್ಯ ಓದುಗರ ಗಮನಕ್ಕೆ ತರಬಯಸುತ್ತೇನೆ. ಬೀಳಿಸಿದ್ದು ಕೈಯಿಂದಲ್ಲ, ಗಂಟಲಿನಿಂದ!

ಪ್ರತಿ ಭಾನುವಾರ ಬೌಂಡರಿ ಹಗ್ಗದ ಹಿಂದೆ ಅವರ ಪ್ಲಾಸ್ಟಿಕ್ ಕುರ್ಚಿ ಹಾಜರಿರುತ್ತಿತ್ತು. ಅದರೆದುರು ಫೀಲ್ಡಿಂಗಿಗೆ ನಿಲ್ಲುವ ಪರಸ್ಥಳದ ಆಟಗಾರನೇ ಅವರ ಅತಿಥಿ. ಹಲಸೂರು ತಂಡದ ಎಡಗೈ ಹುಡುಗನೆಂದರಂತೂ ವಿಶೇಷ ಮರ್ಯಾದೆ. ಚೆಂಡು ಆಕಾಶದಲ್ಲಿರುವಾಗಲೇ ಮಾವನವರ ಕಂಠ ಮೊಳಗುತ್ತಿತ್ತು:

"ಏನಪ್ಪಾ ಎಣ್ಣೆ ಕೈ! ಮನೇಲಿ ಬೋಂಡಾ ಕರೀತಿದ್ಯಾ? ಹಾಗೇ ಎದ್ದು ಬಂದ್ಬಿಟ್ಯಾ?"

ಚೆಂಡು ಜಾರುತ್ತಿತ್ತು. ಜಾರದೆ ಇನ್ನೇನು ಮಾಡೀತು? ಆತ ಮಾತ್ರ ಹಲವು ವರ್ಷಗಳಲ್ಲಿ ಒಮ್ಮೆಯೂ ತಿರುಗಿ ಉತ್ತರ ಕೊಟ್ಟವನಲ್ಲ.

ಈ ಸ್ವಾಗತಕ್ಕೂ ಒಂದು ನಿಯಮವಿತ್ತು. ಒಮ್ಮೆ ನಮ್ಮ ಕಡೆಯವನೊಬ್ಬ ಉತ್ಸಾಹದ ಭರದಲ್ಲಿ ಆ ಹುಡುಗನ ತಾಯಿಯನ್ನು ಸೇರಿಸಿ ಬೈದ. ಮಾವನವರು ಪಂದ್ಯವನ್ನು ಬಿಟ್ಟು ಅವನತ್ತ ತಿರುಗಿದರು.

"ಬೈಯೋಕೆ ನಮ್ಗೆ ಬಿಟ್ಟಿದ್ದು ಅವನ ಕೈ ಕಣೋ, ಅವರಮ್ಮ ಅಲ್ಲ. ಎದ್ದೋಗು."

"ಅಲ್ಲ ಗುರುಗಳೇ, ನೀವೂ ಬೈತೀರಲ್ಲಾ?"

"ನಾನು ಬೈತೀನಿ. ನೀನು ವಾಂತಿ ಮಾಡ್ತಿದ್ದೀಯ!"

ಆತ ಎದ್ದು ಹೋದ. ಅಂದಿನಿಂದ ನಮ್ಮ ಬೌಂಡರಿಯಲ್ಲಿ ತಾಯಂದಿರು ಕ್ಷೇಮವಾಗಿದ್ದರು.

ಅಂಥ ಗಂಟಲಿಗೇ ಕ್ಯಾನ್ಸರ್ ಬಂದಿತು ಎಂದು ತಿಳಿಸಲು ವಿಷಾದಿಸುತ್ತೇನೆ. ಧ್ವನಿಪೆಟ್ಟಿಗೆಯನ್ನು ತೆಗೆಯಲೇಬೇಕೆಂದು ವೈದ್ಯರು ಹೇಳಿದಾಗ ಮಾವನವರು ಕೇಳಿದ್ದು ಒಂದೇ ಪ್ರಶ್ನೆ: "ಫೈನಲ್ ಮುಗಿದ್ಮೇಲೆ ತೆಗೆದ್ರೆ ಆಗಲ್ವಾ ಡಾಕ್ಟ್ರೇ?"

ವೈದ್ಯರು ನಗಲಿಲ್ಲ. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವುದಕ್ಕಲ್ಲ.

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಎಂಥ ಯಶಸ್ಸು! ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ರಂಧ್ರ, ಅದರ ಮೇಲೊಂದು ಬಿಳಿಯ ಬಟ್ಟೆ. ಮಾವನವರು ಮನೆಯ ಹೊಸಿಲು ದಾಟುವುದನ್ನೇ ನಿಲ್ಲಿಸಿದರು. ಮೈದಾನದ ಮಾತೆತ್ತಿದರೆ ಗಂಟಲನ್ನು ಮುಟ್ಟಿ ತೋರಿಸಿ ಗೋಡೆಯ ಕಡೆಗೆ ತಿರುಗುತ್ತಿದ್ದರು. ಕೂಗಲಾರದವನಿಗೆ ಅಲ್ಲೇನು ಕೆಲಸ ಎಂದು ಅದರ ಅರ್ಥ.

"ಹೇಗಾದ್ರೂ ಮಾಡಿ ಕರ್ಕೊಂಡ್ ಹೋಗಪ್ಪಾ," ಎಂದರು ಅತ್ತೆ. "ಬದುಕ್ಸಿದ್ದು ಗೋಡೆ ನೋಡ್ಕೊಂಡು ಕೂರ್ಲಿ ಅಂತಾನಾ?"

ಅದರಂತೆ ಒಂದು ಭಾನುವಾರ ಬಲವಂತವಾಗಿ ಕರೆದೊಯ್ದೆ. ಎದುರಾಳಿ ಹಲಸೂರು. ಅದೇ ಕುರ್ಚಿ, ಅದರೆದುರು ಅದೇ ಎಡಗೈ ಹುಡುಗ. ಚೆಂಡು ಮೇಲೆದ್ದಿತು. ಮಾವನವರ ಕಡೆಯಿಂದ ಸದ್ದಿಲ್ಲ. ಆತ ಕ್ಷಣಮಾತ್ರ ಹಿಂದಿರುಗಿ ನೋಡಿದ, ಕ್ಯಾಚು ಕೈಜಾರಿತು. ಕೂಡಲೇ ನಮ್ಮವರ ಗುಂಪಿನಿಂದ ಹೊಲಸು ಮಾತುಗಳು ಹಾರಿಬಂದವು. ಮೊದಲನೆಯ ಏಟು ಅವನ ತಾಯಿಗೇ ಬಿತ್ತು. ತಡೆಯುವ ಗಂಟಲು ಈಗ ಎಲ್ಲಿತ್ತು?

ಮಾವನವರು ಧಡಕ್ಕನೆ ಎದ್ದರು, ಗುಂಪಿನತ್ತ ಕೈಯೆತ್ತಿದರು, ಬಾಯಿ ತೆರೆದರು. ಕುತ್ತಿಗೆಯ ಬಟ್ಟೆ ಒಮ್ಮೆ ಉಬ್ಬಿತು, ಅಷ್ಟೇ. ಯಾರೋ ಕಿಸಕ್ಕನೆ ನಕ್ಕರು. ಅವರು ಕುಸಿದು ಕುಳಿತ ರೀತಿಯನ್ನು ಕಂಡು, ಇವರನ್ನೇಕಾದರೂ ಕರೆತಂದೆನೋ ಎನಿಸಿತು.

ಕೋಪದಿಂದ ಗುಂಪಿನ ಮೇಲೇರಿ ಬರುತ್ತಿದ್ದ ಆ ಹುಡುಗ ಹಗ್ಗದ ಬಳಿ ನಿಂತ. ಬಿಳಿಯ ಬಟ್ಟೆಯನ್ನು ನೋಡಿದ. ಬಹಳ ಹೊತ್ತು ನೋಡಿದ. ಬಳಿಕ ಗುಂಪನ್ನು ಬಿಟ್ಟು ನೇರವಾಗಿ ಕುರ್ಚಿಯ ಮುಂದೆ ಬಂದು, ಕೈಕಟ್ಟಿಕೊಂಡು ಉತ್ತರ ಕೊಟ್ಟ:

"ಹೂಂ ಅಂಕಲ್. ಬೋಂಡಾ ಕರೀತಿದ್ದೆ. ಹಾಗೇ ಎದ್ದು ಬಂದ್ಬಿಟ್ಟೆ."

ಮಾವನವರು ಅವನನ್ನು ದಿಟ್ಟಿಸಿ, ನಿಧಾನವಾಗಿ ಕೈ ಚಾಚಿದರು. ಆತ ಎರಡೂ ಕೈಗಳಿಂದ ಹಿಡಿದುಕೊಂಡ. ಕೈ ಬಿಡಿಸಿಕೊಂಡ ಮಾವನವರು ತಮ್ಮ ಅಂಗೈಯನ್ನೊಮ್ಮೆ ಹುಬ್ಬುಗಂಟಿಕ್ಕಿ ನೋಡಿಕೊಂಡು, ಎಲ್ಲರಿಗೂ ಕಾಣುವಂತೆ, ಪಂಚೆಗೆ ಎಣ್ಣೆ ಒರೆಸಿಕೊಂಡರು.